ಒಂದು ವರ್ಷ ತಡವಾಗಿ ಬಂದರೆ ಫೀಸು ಮಾಫಿ

2025ರ ಜೂನ್, ಎರಡನೇ ವಾರ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಹಿಂದಿನ ದಿನದಿಂದ ಕರೆಂಟ್ ಇರಲಿಲ್ಲ. ಆ ಸಲ ಮಳೆ ಬೇಗ ಹಿಡಿದಿತ್ತು. ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತ್ತು. ಅಮೆರಿಕದಿಂದ ಅಜ್ಜಿಯನ್ನು ನೋಡಲು ಬಂದಿದ್ದ ನನ್ನ ಅಕ್ಕನ ಮಗಳು ಫೋನ್ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದಳು. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಒಳಗೆ ಬಂದವಳು, "ಮಾವ, ಕಾಲೇಜಿಂದ ಒಂದು ಮೇಲ್ ಬಂದಿದೆ. ನೀವು ಓದಿ ನೋಡಿ" ಅಂದಳು.

ಪುಟ್ಟಿಗೆ 22 ವರ್ಷ. ಹುಟ್ಟಿ ಬೆಳೆದಿದ್ದು ಅಲ್ಲೇ. ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿದ್ದಳು. ಅಲ್ಲಿ ಪಿಯುಸಿ ಮುಗಿದ ಮೇಲೆ ನೇರವಾಗಿ ಡಾಕ್ಟರ್ ಓದು ಇಲ್ಲ. ನಾಲ್ಕು ವರ್ಷ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್. ಎರಡು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಏಪ್ರಿಲ್ ಕೊನೆಗೆ ಒಂದನ್ನು ಬಿಟ್ಟು, ಇನ್ನೊಂದನ್ನು ಒಪ್ಪಿಕೊಂಡಿದ್ದಳು. ಆಗಸ್ಟ್‌ನಲ್ಲಿ ಕ್ಲಾಸ್ ಶುರು. ಈಗ ಮೇಲ್ ಬಂದಿದ್ದು ಒಪ್ಪಿಕೊಂಡ ಕಾಲೇಜಿನಿಂದಲೇ.

ಅದರಲ್ಲಿ ಇದ್ದದ್ದು ಇಷ್ಟು. ಈ ವರ್ಷ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ ಸೇರುತ್ತೇವೆ ಅಂದಿದ್ದಾರೆ. ತಾವಾಗಿಯೇ ಒಂದು ವರ್ಷ ತಡವಾಗಿ, ಅಂದರೆ 2026ರ ಆಗಸ್ಟ್‌ನಲ್ಲಿ ಸೇರಲು ಒಪ್ಪುವವರಿಗೆ ಮೊದಲ ವರ್ಷದ ಟ್ಯೂಷನ್ ಫೀಸು ಪೂರ್ತಿ ಮಾಫಿ. ಸೀಟು ಖಾತ್ರಿ. ಬಲವಂತ ಇಲ್ಲ. ಜೂನ್ 20, ಶುಕ್ರವಾರ ಸಂಜೆ 5 ಗಂಟೆಯ ಒಳಗೆ ತಿಳಿಸಬೇಕು. ಅದು ಅಲ್ಲಿಯ 5 ಗಂಟೆ. ನಮಗೆ ರಾತ್ರಿ ಎರಡೂವರೆ.

ಆ ಕಾಲೇಜಿನ ಒಂದು ವರ್ಷದ ಫೀಸು ಸುಮಾರು 65,000 ಡಾಲರ್. ಡಾಲರಿಗೆ 86 ರೂಪಾಯಿ ಹಿಡಿದರೂ 56 ಲಕ್ಷದ ಹತ್ತಿರ.

ನಾನು ಬ್ಯಾಂಕಿನಲ್ಲಿ 27 ವರ್ಷ ಕೆಲಸ ಮಾಡಿದವನು. ಅದರಲ್ಲಿ ಹೆಚ್ಚಿನ ಕಾಲ ಸಾಲದ ವಿಭಾಗದಲ್ಲೇ ಇದ್ದೆ. ಓದಿದ ತಕ್ಷಣ ನನ್ನ ಬಾಯಿಂದ ಬಂದ ಮಾತು, "ಒಪ್ಕೊ ಪುಟ್ಟಿ, 56 ಲಕ್ಷ ಯಾರು ಸುಮ್ನೆ ಕೊಡ್ತಾರೆ?" ಆ ಮಾತನ್ನು ಹತ್ತು ದಿನದಲ್ಲಿ ನಾನೇ ವಾಪಸ್ ತಗೊಂಡೆ. ಯಾಕೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮಕ್ಕಳು, ಮೊಮ್ಮಕ್ಕಳು ಹೊರದೇಶದಲ್ಲಿ ಓದುತ್ತಿದ್ದಾರೆ. ಇಂಥ ಕಾಗದ ಯಾರ ಮನೆಗೂ ಬರಬಹುದು.

ಮೊದಲು, ಹೀಗೆ ಯಾಕಾಗುತ್ತದೆ ಅನ್ನುವುದು. ಅಮೆರಿಕದಲ್ಲಿ ಒಬ್ಬ ಹುಡುಗ ಹತ್ತಿಪ್ಪತ್ತು ಕಾಲೇಜಿಗೆ ಅರ್ಜಿ ಹಾಕುತ್ತಾನೆ. ಮೂರು ನಾಲ್ಕು ಕಡೆ ಸೀಟು ಸಿಗಬಹುದು. ಸೇರುವುದು ಒಂದು ಕಡೆ. ಹಾಗಾಗಿ ಪ್ರತಿ ಕಾಲೇಜೂ ತನ್ನಲ್ಲಿರುವ ಸೀಟಿಗಿಂತ ಜಾಸ್ತಿ ಜನರಿಗೆ ಸೀಟು ಕೊಡುತ್ತದೆ, ಒಂದಷ್ಟು ಜನ ಬರುವುದಿಲ್ಲ ಅನ್ನುವ ಅಂದಾಜಿನ ಮೇಲೆ. ಮದುವೆಗೆ ಸಾವಿರ ಜನಕ್ಕೆ ಕಾಗದ ಕೊಟ್ಟು ಏಳುನೂರು ಎಲೆಗೆ ಅಡುಗೆ ಮಾಡಿಸಿದ ಹಾಗೆ. ಸಾಮಾನ್ಯವಾಗಿ ಲೆಕ್ಕ ಸರಿಹೋಗುತ್ತದೆ. ಒಂದೊಂದು ವರ್ಷ ಎಂಟುನೂರು ಜನ ಬಂದು ಕೂರುತ್ತಾರೆ.

ಇನ್ನೊಂದು ಪಂಕ್ತಿ ಹಾಕಿದರಾಯಿತು ಅನ್ನುವ ಹಾಗೂ ಇಲ್ಲ. ಅಲ್ಲಿ ಮೆಡಿಕಲ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಲ್‌ಸಿಎಂಇ ಅನ್ನುವ ಸಂಸ್ಥೆ ಇದೆ. ಒಂದು ವರ್ಷದಲ್ಲಿ ಶೇ 10ರಷ್ಟು ಅಥವಾ 15 ಜನ, ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ಸೀಟು ಹೆಚ್ಚಿಸುವುದಾದರೆ ಅದಕ್ಕೆ ಮೊದಲೇ ತಿಳಿಸಬೇಕು. ಹೆಣ ಕೊಯ್ದು ಕಲಿಯುವ ಟೇಬಲ್ ಎಷ್ಟಿವೆ, ಮೂರನೇ ವರ್ಷ ವಾರ್ಡಿನಲ್ಲಿ ನಿಂತು ಕಲಿಸುವ ಡಾಕ್ಟರುಗಳು ಎಷ್ಟಿದ್ದಾರೆ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಒಂದಷ್ಟು ಜನರನ್ನು ಮುಂದಿನ ವರ್ಷಕ್ಕೆ ಕಳಿಸುವುದು ಕಾಲೇಜಿಗೆ ಅನುಕೂಲ. ಆ ಅನುಕೂಲಕ್ಕೆ ದುಡ್ಡು ಕೊಡುತ್ತಿದ್ದಾರೆ. ಇದರಲ್ಲಿ ಮೋಸ ಏನೂ ಇಲ್ಲ. ಕೇಳಿ, ಒಪ್ಪಿದವರನ್ನು ಮಾತ್ರ ಕಳಿಸುವುದು ಮರ್ಯಾದೆಯ ದಾರಿ ಅಂತಲೇ ನನಗೆ ಅನಿಸಿತು.

ನಮ್ಮ ಕಡೆ ಈ ಪ್ರಶ್ನೆಯೇ ಬರುವುದಿಲ್ಲ. ನೀಟ್ ರ‍್ಯಾಂಕ್, ಕೆಇಎ ಕೌನ್ಸೆಲಿಂಗ್, ಆಪ್ಷನ್ ಎಂಟ್ರಿ, ಒಬ್ಬರಿಗೆ ಒಂದು ಸೀಟು. ಮಡಿಕೇರಿಯ ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜು 2016ರಲ್ಲಿ ಶುರುವಾಗಿದ್ದು, 150 ಸೀಟು. 151ನೆಯವರಿಗೆ ಅಲ್ಲಿ ಜಾಗ ಇಲ್ಲ. ಮೊದಲು ಹೀಗಿರಲಿಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ಲೆಕ್ಕಕ್ಕಿಂತ ಜಾಸ್ತಿ ಮಕ್ಕಳನ್ನು ತುಂಬಿಸಿದ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ವೈದ್ಯಕೀಯ ಪರಿಷತ್ತು ನಿಗದಿ ಮಾಡಿದ ಸಂಖ್ಯೆಯೇ ಕೊನೆ, ರಾಜ್ಯ ಸರ್ಕಾರ ಅದನ್ನು ಮೀರಿ ಸೀಟು ಹೆಚ್ಚಿಸುವಂತಿಲ್ಲ ಅಂತ 1998ರಲ್ಲಿ ತೀರ್ಪು ಬಂತು. ಪುಟ್ಟಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ. "ಹಾಗಾದ್ರೆ ಇಲ್ಲಿ ಯಾರೂ ಹೀಗೆ ಯೋಚ್ನೆ ಮಾಡೋದೇ ಬೇಡ್ವಾ?" ಇಲ್ಲಿ ಬೇರೆ ಥರದ ಯೋಚನೆ ಇದೆ ಪುಟ್ಟಿ, ಅಂದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಭಾವ ಫೋನಿನಲ್ಲಿ, "ಒಪ್ಪಿಕೊಳ್ಳಲಿ, ಸಾಲ ಕಡಿಮೆ ಆಗುತ್ತೆ" ಅಂದರು. ಅಕ್ಕನಿಗೆ ಒಂದು ವರ್ಷ ಮಗಳು ಖಾಲಿ ಕೂರುವುದು ಇಷ್ಟವಿಲ್ಲ. ನನ್ನ ಅಮ್ಮನಿಗೆ ಮೊಮ್ಮಗಳು ಒಂದು ವರ್ಷ ಇಲ್ಲೇ ಇದ್ದುಬಿಟ್ಟರೆ ಸಾಕು. ಬೆಲ್ಲದ ಕಾಫಿ ಕೊಡುವಾಗೆಲ್ಲ ಅದೇ ಮಾತು. ಪುಟ್ಟಿ ಮಾತ್ರ ಏನೂ ಹೇಳಲಿಲ್ಲ.

ರಾತ್ರಿ ಚಾರ್ಜರ್ ಲೈಟಿನ ಬೆಳಕಿನಲ್ಲಿ ತೋಟದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಕೂತೆವು. ಎಡಕ್ಕೆ ಈ ವರ್ಷ ಸೇರಿದರೆ, ಬಲಕ್ಕೆ ಮುಂದಿನ ವರ್ಷ ಸೇರಿದರೆ.

ಫೀಸು 65,000, ಊಟ ವಸತಿ ಎಲ್ಲ ಸೇರಿ 28,000. ವರ್ಷಕ್ಕೆ ಒಟ್ಟು 93,000 ಡಾಲರ್. ಭಾವ ವರ್ಷಕ್ಕೆ 20,000 ಕೊಡಬಲ್ಲರು. ಉಳಿದ 73,000 ಸಾಲ. ನಾಲ್ಕು ವರ್ಷಕ್ಕೆ 2,92,000. ಮುಂದಿನ ವರ್ಷ ಸೇರಿದರೆ ಮೊದಲ ವರ್ಷಕ್ಕೆ ಬರೀ 8,000 ಸಾಲ ಸಾಕು. ಒಟ್ಟು 2,27,000. ಬಡ್ಡಿಯೂ ಸಣ್ಣದಲ್ಲ. 2025-26ಕ್ಕೆ ಅಲ್ಲಿಯ ಸರ್ಕಾರಿ ಶಿಕ್ಷಣ ಸಾಲದ ದರ ಮೆಡಿಕಲ್ ಓದುವವರಿಗೆ ಶೇ 7.94. ಅದು ಸಾಲದೆ ಹೋದರೆ ತಗೊಳ್ಳುವ ಗ್ರ್ಯಾಡ್ ಪ್ಲಸ್ ಅನ್ನುವ ಇನ್ನೊಂದು ಸರ್ಕಾರಿ ಸಾಲಕ್ಕೆ ಶೇ 8.94. ಸಾಲ ತಗೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆ 65,000 ಓದು ಮುಗಿಯುವ ಹೊತ್ತಿಗೆ 87,000 ಆಗಿರುತ್ತದೆ.

ಇಲ್ಲಿಯ ತನಕ ಲಾಭ ಬಲಗಡೆಗೇ.

ಆಮೇಲೆ ಕಳೆಯುವ ವರ್ಷದ ಬೆಲೆ. ಇಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಒಂದು ವರ್ಷ ಹೋದರೆ ಏನು ಹೋಯಿತು, ಹೇಗೂ ಈಗ ಸಂಪಾದನೆ ಇಲ್ಲವಲ್ಲ ಅನ್ನುತ್ತಾರೆ. ಹೋಗುವುದು ಈ ವರ್ಷ ಅಲ್ಲ. ಡಾಕ್ಟರಾಗಿ ದುಡಿಯುವ ವರ್ಷಗಳಲ್ಲಿ ಕೊನೆಯದು ಹೋಗುತ್ತದೆ. ತೆರಿಗೆ ಕಳೆದು ವರ್ಷಕ್ಕೆ 1,80,000 ಡಾಲರ್ ಕೈಗೆ ಬರುತ್ತದೆ ಅಂತಿಟ್ಟುಕೊಳ್ಳೋಣ. ಅದು ಬರುವುದು 35 ವರ್ಷ ಆದಮೇಲೆ. ಮುಂದೆಂದೋ ಬರುವ ದುಡ್ಡಿಗೆ ಇವತ್ತು ಅಷ್ಟೇ ಬೆಲೆ ಇಲ್ಲ, ವರ್ಷಕ್ಕೆ ಶೇ 3ರ ಲೆಕ್ಕದಲ್ಲಿ ಹಿಂದಕ್ಕೆ ತಂದರೆ ಇವತ್ತಿಗೆ ಅದರ ಬೆಲೆ ಸುಮಾರು 64,000. ಶೇ 5ರಂತೆ ತಂದರೆ 33,000. ಅಂದರೆ ಒಂದು ಲೆಕ್ಕದಲ್ಲಿ ಕಾಲೇಜು ಕೊಡುವ ದುಡ್ಡೂ ಕಳೆಯುವ ವರ್ಷವೂ ಸರಿಸಮ. ಇನ್ನೊಂದು ಲೆಕ್ಕದಲ್ಲಿ ಕಾಲೇಜಿನ ದುಡ್ಡೇ ಜಾಸ್ತಿ. ಅಷ್ಟು ದೊಡ್ಡ ಮೊತ್ತ ಆ ಶೇಕಡಾವಾರು ಬದಲಾಯಿಸಿದ ಕೂಡಲೇ ಅತ್ತಿತ್ತ ಆಗುವುದನ್ನು ನೋಡಿ ಪುಟ್ಟಿ ಪೆನ್ಸಿಲ್ ಕೆಳಗಿಟ್ಟಳು.

ಸಣ್ಣಪುಟ್ಟದ್ದನ್ನೂ ಬರೆದೆವು. ಡಿಗ್ರಿಗೆ ತಗೊಂಡ ಸಾಲ ಸ್ವಲ್ಪ ಇತ್ತು. ಓದು ಮುಗಿದು ಆರು ತಿಂಗಳಿಗೆ ಅದರ ಕಂತು ಶುರು. ಆಗಸ್ಟ್‌ನಲ್ಲಿ ಮತ್ತೆ ಓದಿಗೆ ಸೇರಿದರೆ ಕಂತು ನಿಲ್ಲುತ್ತದೆ, ಸೇರದಿದ್ದರೆ ಕಟ್ಟಬೇಕು. ಆರೋಗ್ಯ ವಿಮೆಯ ಚಿಂತೆ ಇರಲಿಲ್ಲ. ಅಲ್ಲಿ 26 ವರ್ಷ ಆಗುವ ತನಕ ಅಪ್ಪ ಅಮ್ಮನ ವಿಮೆಯಲ್ಲೇ ಇರಬಹುದು. ಫೀಸಿಗೆ ಸಿಗುವ ಮಾಫಿಗೆ ತೆರಿಗೆ ಇಲ್ಲ.

ಕಾಲೇಜಿಗೆ ಅವಳು ನಾಲ್ಕು ಪ್ರಶ್ನೆ ಬರೆದು ಕಳಿಸಿದಳು. ಮಾಫಿ ಒಂದೇ ವರ್ಷಕ್ಕಾ? ಮುಂದಿನ ವರ್ಷವೂ ಸೀಟು ತುಂಬಿದರೆ ನನ್ನ ಗತಿ ಏನು? ನಡುವೆ ಬೇರೆ ಕಾಲೇಜಿಗೆ ಅರ್ಜಿ ಹಾಕಬಹುದಾ? ಯಾರೂ ಒಪ್ಪದಿದ್ದರೆ ಏನು ಮಾಡುತ್ತೀರಿ? ಅಲ್ಲಿ ಆಫೀಸು ತೆರೆಯುವುದು ಬೆಳಗ್ಗೆ 9ಕ್ಕೆ, ನಮಗೆ ಸಂಜೆ ಆರೂವರೆ. ಮಾರನೇ ದಿನ ಸಂಜೆ ಗೇಟಿನ ಹತ್ತಿರ ಕೊಡೆ ಹಿಡಿದು ಇಬ್ಬರೂ ಕಾದೆವು. ಉತ್ತರ ನೇರವಾಗಿತ್ತು. ಮಾಫಿ ಒಂದೇ ವರ್ಷಕ್ಕೆ. ಸೀಟು ಬರಹದಲ್ಲಿ ಖಾತ್ರಿ ಕೊಡುತ್ತೇವೆ. ಬೇರೆಡೆ ಅರ್ಜಿ ಹಾಕುವಂತಿಲ್ಲ. ಯಾರೂ ಒಪ್ಪದಿದ್ದರೆ ಯಾರ ಸೀಟನ್ನೂ ತೆಗೆಯುವುದಿಲ್ಲ, ಹೆಣ ಕೊಯ್ಯುವ ಟೇಬಲ್‌ಗೆ ಐದು ಜನರ ಬದಲು ಆರು ಜನ ಆಗುತ್ತಾರೆ.

ಹೀಗೆ ಎರಡೂ ಕಡೆ ಸಮ ತೂಗುತ್ತಿದ್ದಾಗ ನನಗೆ ಒಂದು ದಿನಾಂಕ ಕಣ್ಣಿಗೆ ಬಿತ್ತು.

ಆ ಹೊತ್ತಿಗೆ ಅಮೆರಿಕದ ಸಂಸತ್ತಿನಲ್ಲಿ ಒಂದು ದೊಡ್ಡ ಮಸೂದೆ ನಡೆಯುತ್ತಿತ್ತು. ತೆರಿಗೆ, ಆರೋಗ್ಯ, ಎಲ್ಲ ಅದರೊಳಗೆ. ಮೇ 22ಕ್ಕೆ ಕೆಳಮನೆಯಲ್ಲಿ ಪಾಸಾಗಿತ್ತು. ಸೆನೆಟ್ ತನ್ನದೇ ಕರಡು ತಂದಿತ್ತು. ಶಿಕ್ಷಣ ಸಾಲದ ಭಾಗವನ್ನು ನಾನು ಹಳೇ ಅಭ್ಯಾಸದಿಂದ ಸಾಲು ಸಾಲು ಓದಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳುವವರಿಗೆ ಗ್ರ್ಯಾಡ್ ಪ್ಲಸ್ ಇಲ್ಲ. ಮೆಡಿಕಲ್‌ನಂಥ ಓದಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್, ಅಷ್ಟೇ ಸರ್ಕಾರಿ ಸಾಲ. ಅದಕ್ಕೆ ಮೊದಲೇ ಓದಿಗೆ ಸೇರಿ ಸಾಲ ತಗೊಂಡವರಿಗೆ ಮಾತ್ರ ಹಳೇ ನಿಯಮ ಇನ್ನೂ ಮೂರು ವರ್ಷ ನಡೆಯುತ್ತದೆ.

2025ರ ಆಗಸ್ಟ್‌ನಲ್ಲಿ ಸೇರಿದರೆ ಮೊದಲ ವರ್ಷ ಹಳೇ ನಿಯಮದಲ್ಲೇ ಕಳೆಯುತ್ತದೆ, ಉಳಿದ ಮೂರಕ್ಕೂ ಅದೇ. ನಾಲ್ಕೂ ವರ್ಷ ಸಾಲದ ಚಿಂತೆ ಇಲ್ಲ. 2026ರ ಆಗಸ್ಟ್‌ನಲ್ಲಿ ಸೇರಿದರೆ ಹೊಸಬಳು. ಮೊದಲ ವರ್ಷ ಮಾಫಿಯಲ್ಲಿ ಕಳೆಯಿತು ಅನ್ನಿ. ಆಮೇಲೆ ಮೂರು ವರ್ಷ, ಪ್ರತಿ ವರ್ಷ ಬೇಕಾದದ್ದು 73,000, ಸಿಗುವುದು 50,000. ವರ್ಷಕ್ಕೆ 23,000 ಕಡಿಮೆ. ಮೂರು ವರ್ಷಕ್ಕೆ 69,000. ಇದನ್ನು ಖಾಸಗಿ ಸಾಲವಾಗಿ ಎತ್ತಬೇಕು. ಭಾವನೇ ಜಾಮೀನು ಹಾಕಬೇಕು, ಅವರಿಗೆ ಆಗಲೇ 58.

"ತೋಟ ಅಡ ಇಡೋಣ ಬಿಡು, ಅದಕ್ಕೇನಂತೆ" ಅಂದರು ಅಮ್ಮ. ಅಲ್ಲಿಯ ಸಾಲದ ಕಂಪನಿಗೆ ಸೋಮವಾರಪೇಟೆಯ ಅರೇಬಿಕಾ ತೋಟ ಲೆಕ್ಕಕ್ಕಿಲ್ಲ ಅಂತ ಅವರಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಆದರೂ ಒಟ್ಟು ಸಾಲ ಬಲಗಡೆ 65,000 ಕಡಿಮೆಯೇ ಅಲ್ವಾ? ಹೌದು. ಇಲ್ಲಿಯೇ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂತಿದ್ದು. ಸಾಲ ಎಷ್ಟು ಅನ್ನುವುದರ ಜೊತೆಗೆ ಸಾಲ ಯಾರದ್ದು ಅನ್ನುವುದನ್ನೂ ನೋಡಬೇಕು. ಅಮೆರಿಕದ ಸರ್ಕಾರಿ ಸಾಲಕ್ಕೆ ಒಂದು ಸೌಲಭ್ಯ ಇದೆ. ಸರ್ಕಾರದಲ್ಲೋ ಲಾಭಕ್ಕಾಗಿ ನಡೆಸದ ಆಸ್ಪತ್ರೆಯಲ್ಲೋ ಕೆಲಸ ಮಾಡುತ್ತಾ, ಸಂಬಳಕ್ಕೆ ತಕ್ಕ ಕಂತನ್ನು 120 ತಿಂಗಳು ಕಟ್ಟಿದರೆ ಉಳಿದದ್ದು ಮನ್ನಾ. ಓದು ಮುಗಿದ ಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಸಂಬಳ ತಗೊಂಡು ತರಬೇತಿ ಪಡೆಯುವ ವರ್ಷಗಳೂ ಅದರಲ್ಲಿ ಸೇರುತ್ತವೆ, ಆ ಆಸ್ಪತ್ರೆ ಲಾಭಕ್ಕಾಗಿ ನಡೆಯುವುದಲ್ಲದಿದ್ದರೆ. ಖಾಸಗಿ ಸಾಲಕ್ಕೆ ಇದ್ಯಾವುದೂ ಇಲ್ಲ. ಕೊನೆಯ ಡಾಲರ್ ತನಕ ಕಟ್ಟಬೇಕು.

ಹಾಗಾದರೆ ಅವಳು ಆ ದಾರಿ ಹಿಡಿಯುವವಳಾದರೆ ಎಡಗಡೆಯ 2,92,000 ಪೂರ್ತಿ ಸರ್ಕಾರಿ ಸಾಲ. ಅವಳು ಕಟ್ಟುವುದು ಸಂಬಳಕ್ಕೆ ತಕ್ಕಷ್ಟು, ಸಾಲಕ್ಕೆ ತಕ್ಕಷ್ಟಲ್ಲ. ಮೇಲೆ 65,000 ಇದ್ದರೂ ಇಲ್ಲದಿದ್ದರೂ ಅವಳ ಜೇಬಿಗೆ ದೊಡ್ಡ ವ್ಯತ್ಯಾಸ ಇಲ್ಲ, ಕೊನೆಗೆ ಮನ್ನಾ ಆಗುವುದು ಅದೇ. ಬಲಗಡೆ ಹೋದರೆ 69,000 ಖಾಸಗಿ ಸಾಲ, ಬಡ್ಡಿ ಸಮೇತ ಅವಳ ತಲೆಗೆ. ಮಾಫಿಯ ದುಡ್ಡು ತಗೊಂಡೂ ಅವಳು ನಷ್ಟದಲ್ಲಿ ಇರುತ್ತಾಳೆ. ಅದೇ ಅವಳು ದೊಡ್ಡ ಸಂಬಳದ ಸರ್ಜನ್ ಆಗಿ ಖಾಸಗಿ ಪ್ರಾಕ್ಟೀಸ್ ಮಾಡುವವಳಾದರೆ ಮನ್ನಾ ಇಲ್ಲ, ಎಲ್ಲ ಸಾಲವೂ ತೀರಿಸಬೇಕು, ಆಗ ಬಲಗಡೆಯೇ ವಾಸಿ.

ಲೆಕ್ಕ ಇಷ್ಟಕ್ಕೆ ಬಂದು ನಿಂತಿತು. "ನಿನಗೆ ಯಾವ ಥರದ ಡಾಕ್ಟರ್ ಆಗ್ಬೇಕು ಪುಟ್ಟಿ?" ಅಂತ ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ.

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಎರಡು ದಿನ ಆದಮೇಲೆ ಅಮ್ಮನ ಮಂಡಿ ನೋವಿಗೆ ಪೇಟೆಗೆ ಕರೆದುಕೊಂಡು ಹೋದೆವು. ನಮ್ಮ ಡಾಕ್ಟರ್ ಮೂವತ್ತು ವರ್ಷದಿಂದ ಅದೇ ಸಣ್ಣ ಕೋಣೆಯಲ್ಲಿ ಕೂರುವವರು. ಅಮ್ಮನನ್ನು ಮಂಚದ ಮೇಲೆ ಕೂರಿಸಿ, ಸೀರೆಯ ನೆರಿಗೆ ಸ್ವಲ್ಪ ಸರಿಸಿ, ಹೆಬ್ಬೆರಳಿನಲ್ಲಿ ಮಂಡಿಯ ಚಿಪ್ಪಿನ ಸುತ್ತ ಒಂದೊಂದೇ ಕಡೆ ಒತ್ತುತ್ತಾ ಹೋದರು. ಒತ್ತುವಾಗ ಅವರ ಕಣ್ಣು ಮಂಡಿಯ ಮೇಲೆ ಇರಲಿಲ್ಲ, ಅಮ್ಮನ ಮುಖದ ಮೇಲಿತ್ತು. ಬಾಯಲ್ಲಿ ಮೆಣಸಿನ ಬಳ್ಳಿಗೆ ಸೊರಗು ರೋಗ ಬಂತಾ, ಮೆಟ್ಟಿಲಿನ ಹತ್ತಿರದ ಪಾಚಿ ತೆಗೆಸಿದ್ರಾ ಅನ್ನುವ ಮಾತು. ಒಳಗಡೆ ಒಂದು ಜಾಗದಲ್ಲಿ ಅಮ್ಮನ ಹುಬ್ಬು ಸಣ್ಣಗೆ ಗಂಟಾಯಿತು. "ಇಲ್ಲೇ ಅಲ್ವಾ?" ಅಂದರು. ಅಮ್ಮ ತಲೆ ಆಡಿಸಿದರು. ಪುಟ್ಟಿ ಮೂಲೆಯಲ್ಲಿ ನಿಂತು ಡಾಕ್ಟರ ಕೈಯನ್ನೇ ನೋಡುತ್ತಿದ್ದಳು.

ವಾಪಸ್ ಬರುವಾಗ ಜೀಪಿನಲ್ಲಿ ಹೇಳಿದಳು. "ಮಾವ, ನಂಗೆ ಇವರ ಥರ ಆಗ್ಬೇಕು. ಅಲ್ಲಿ ಫ್ಯಾಮಿಲಿ ಮೆಡಿಸಿನ್ ಅಂತಾರೆ. ಸಂಬಳ ಬೇರೆಯವರಿಗಿಂತ ಕಡಿಮೆ. ಹಳ್ಳಿ ಕಡೆ ಕ್ಲಿನಿಕ್‌ನಲ್ಲಿ ಕೆಲಸ ಮಾಡ್ಬೇಕು ಅಂತಿದೆ." ಆ ರೆಸಿಡೆನ್ಸಿ ಮೂರು ವರ್ಷ. ಆಮೇಲೆ ಏಳು ವರ್ಷ ಅಂಥ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದರೆ 120 ಕಂತು ಮುಗಿಯುತ್ತದೆ.

ಮಸೂದೆ ಇನ್ನೂ ಕಾನೂನಾಗಿರಲಿಲ್ಲ, ಅದನ್ನು ಮರೆಯಬಾರದು. ಬಿದ್ದುಹೋಗಲೂಬಹುದಿತ್ತು. ಕೆಳಮನೆಯ ರೂಪದಲ್ಲಿ ಮಿತಿ ಇನ್ನೂ ಬಿಗಿ ಇತ್ತು, ಒಟ್ಟು ಒಂದೂವರೆ ಲಕ್ಷ. ಎರಡೂ ಮನೆಯ ಕರಡಿನಲ್ಲಿ ಸಮನಾಗಿ ಇದ್ದದ್ದು ಆ ದಿನಾಂಕ. ಬ್ಯಾಂಕಿನಲ್ಲಿ ಕಲಿತದ್ದನ್ನೇ ಅವಳಿಗೆ ಹೇಳಿದೆ. ಮಸೂದೆ ಬಿದ್ದರೂ ನೀನು ಈ ವರ್ಷ ಸೇರಿದ್ದರಿಂದ ಕಳೆದುಕೊಳ್ಳುವುದು ಗೊತ್ತಿರುವ ಮೊತ್ತ, ಅದನ್ನು ಹೇಗೆ ತೀರಿಸುವುದು ಅಂತಲೂ ಗೊತ್ತಿದೆ. ಮಸೂದೆ ಪಾಸಾಗಿ ನೀನು ಮುಂದಿನ ವರ್ಷ ಸೇರಿದರೆ ಮೂರನೇ ವರ್ಷದ ಫೀಸಿಗೆ ಖಾಸಗಿ ಕಂಪನಿ ಸಾಲ ಕೊಡದೆ ಹೋಗಬಹುದು. ಓದು ನಡುವೆ ನಿಲ್ಲುವ ಭಯ ಇರುವ ಕಡೆ ಹೋಗಬೇಡ. ಭಾವನಿಗೂ ಫೋನ್ ಮಾಡಿ ಹಾಳೆಯ ಫೋಟೋ ಕಳಿಸಿದೆ. ಅವರು ಅರ್ಧ ಗಂಟೆ ಬಿಟ್ಟು ಫೋನ್ ಮಾಡಿ, "ಜಾಮೀನಿನ ವಿಷಯ ನನಗೆ ಹೊಳೆದೇ ಇರಲಿಲ್ಲ" ಅಂದರು.

ಜೂನ್ 20ರ ರಾತ್ರಿ ಗೇಟಿನ ಹತ್ತಿರವೂ ಸಿಗ್ನಲ್ ಇರಲಿಲ್ಲ. ಹನ್ನೊಂದು ಗಂಟೆಗೆ ಜೀಪು ತೆಗೆದು ಮೇಲಿನ ಬಸ್ ಸ್ಟಾಪ್ ತನಕ ಹೋದೆವು. ಮಳೆ ಜೀಪಿನ ಟಾರ್ಪಲ್ ಮೇಲೆ ಒಂದೇ ಸಮ ಹೊಡೆಯುತ್ತಿತ್ತು. ಅವಳು ಬರೆದದ್ದು ಎರಡೇ ಸಾಲು. ಧನ್ಯವಾದ, ನಾನು ಈ ಆಗಸ್ಟ್‌ನಲ್ಲೇ ಸೇರುತ್ತೇನೆ. ಕಳಿಸಿದ ಮೇಲೆ ಸ್ವಲ್ಪ ಹೊತ್ತು ಅತ್ತಳು. ಅಜ್ಜಿ ಜೊತೆ ಒಂದು ವರ್ಷ ಇರಬಹುದಿತ್ತು ಅನ್ನುವುದನ್ನು ಹಾಳೆಯ ಯಾವ ಬದಿಯಲ್ಲೂ ಬರೆದಿರಲಿಲ್ಲ. ಅದಕ್ಕೆ ನನ್ನ ಹತ್ತಿರ ಲೆಕ್ಕ ಇರಲಿಲ್ಲ, ಈಗಲೂ ಇಲ್ಲ.

ಜುಲೈ 1ಕ್ಕೆ ಸೆನೆಟ್‌ನಲ್ಲಿ 50-50 ಆಗಿ, ಉಪಾಧ್ಯಕ್ಷರ ಒಂದು ಮತದಿಂದ ಮಸೂದೆ ಪಾಸಾಯಿತು. ಜುಲೈ 4ಕ್ಕೆ ಅಧ್ಯಕ್ಷರ ಸಹಿ ಬಿತ್ತು. ವರ್ಷಕ್ಕೆ 50,000, ಒಟ್ಟು 2 ಲಕ್ಷ, 2026ರ ಜುಲೈ 1. ನಮ್ಮ ಹಾಳೆಯಲ್ಲಿದ್ದ ಅಂಕಿಗಳೇ ಉಳಿದವು.

ಆಗಸ್ಟ್‌ನಲ್ಲಿ ಅವಳ ಟೇಬಲ್‌ನಲ್ಲಿ ಆರು ಜನ. ಆರನೆಯವರಿಗೆ ಸರಿಯಾಗಿ ಕಾಣುವುದಿಲ್ಲವಂತೆ, ಸರದಿ ಪ್ರಕಾರ ಜಾಗ ಬದಲಾಯಿಸುತ್ತಾರಂತೆ. ಒಪ್ಪಿಕೊಂಡು ಹಿಂದೆ ಉಳಿದವರಲ್ಲಿ ಒಬ್ಬ ಹುಡುಗ ಅವಳಿಗೆ ಪರಿಚಯ. ಅವನ ಓದಿನ ಖರ್ಚು ಪೂರ್ತಿ ಅವನ ಅಪ್ಪನದು, ಸಾಲವೇ ಇಲ್ಲ. ಮೂಳೆಯ ಸರ್ಜನ್ ಆಗಬೇಕಂತೆ. ಆ ವರ್ಷ ಒಂದು ಲ್ಯಾಬ್‌ನಲ್ಲಿ ಕೆಲಸಕ್ಕೆ ಸೇರಿದ. ಅವನಿಗೂ ಬಂದದ್ದು ಅದೇ ಕಾಗದ. ಅವನು ನನ್ನ ಹತ್ತಿರ ಬಂದು ಕೂತಿದ್ದರೆ ಒಪ್ಪಿಕೊ ಅಂತಲೇ ನಾನು ಹೇಳುತ್ತಿದ್ದೆ.